ಪರದೆಯಲ್ಲಿ ಉಬ್ಬಿದ ಅಜ್ಜ

ಹೊಸ ಚಪ್ಪಟೆ ಮಾನಿಟರಿನಲ್ಲಿ ಅಕ್ಷರಗಳು ಇರುವೆ ಸಾಲಿನಂತೆ ಕಂಡದ್ದೇ ಎಲ್ಲಕ್ಕೂ ಮೂಲ. ಬೀದಿಯವರೆಲ್ಲ ‘ಫೋಟೊ ಅಣ್ಣ’ ಎಂದು ಕರೆಯುವ ಸ್ಟುಡಿಯೋದವನು ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದ. ಸಂಜೆಯೊಳಗೆ ಬೇಕರಿ ಅಜ್ಜಿಗೆ ಅವಳ ತೀರಿಹೋದ ಗಂಡನ ದೊಡ್ಡ ಫೋಟೊ ಕೊಡಬೇಕಿತ್ತು. ಅಜ್ಜನದೆಂದು ಆ ಮನೆಯಲ್ಲಿ ಉಳಿದಿದ್ದದ್ದು ಹೆಬ್ಬೆರಳಿನಷ್ಟು ಅಗಲದ ಒಂದೇ ಚಿತ್ರ.

“ಪರದೆ ಅಳತೆ, ಅದೇ ರೆಸಲ್ಯೂಷನ್, ಕಡಿಮೆ ಮಾಡಣ್ಣ, ಅಕ್ಷರ ದಪ್ಪ ಆಗುತ್ತೆ” ಎಂದ ಪಕ್ಕದಂಗಡಿಯ ಕ್ಷೌರಿಕ. ಗಿರಾಕಿಯ ಒಂದು ಕೆನ್ನೆಗೆ ನೊರೆ ಹಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು ಬಂದಿದ್ದ.

“ಬೇಡ ರೀ. ಈ ಪರದೆಗೆ ಅದರದೇ ಒಂದು ಅಳತೆ ಇದೆ, ಮುಟ್ಟಬೇಡಿ ಅಂತ ತಂದುಕೊಟ್ಟ ಹುಡುಗ ಹೇಳಿ ಹೋಗಿದಾನೆ” ಎಂದಳು ಫೋಟೊ ಅಣ್ಣನ ಹೆಂಡತಿ.

“ಅವನ ಕಣ್ಣು ಎಳೇದು ಕಣೇ. ಈ ಕಣ್ಣು ಇಟ್ಕೊಂಡು ಕೂತ್ಕೊಳೋನು ನಾನು.”

ಹಳೆಯ ಮಾನಿಟರಿಗಿದ್ದ ಅಳತೆಯನ್ನೇ ಹುಡುಕಿ ಒತ್ತಿದ. ಅಕ್ಷರಗಳು ಉಬ್ಬಿ ಎದುರು ನಿಂತವು. ಅಂಚು ತುಸು ಮಸುಕಾದರೂ ಅವನಿಗೆ ಹೋದ ಜೀವ ಬಂದಂತಾಯಿತು. ಹೆಚ್ಚುಕಡಿಮೆ ಚೌಕವಾಗಿದ್ದ ಹಳೆಯ ಪರದೆಯ ಚಿತ್ರವನ್ನು ಈ ಅಗಲ ಪರದೆ ಎರಡೂ ಕಡೆಗೆ ಎಳೆದು ಹಿಗ್ಗಿಸಿದೆ ಎಂಬುದು ಮಾತ್ರ ಹೊಳೆಯಲಿಲ್ಲ.

ಪರದೆಯ ಮೇಲೆ ಅಜ್ಜ ಬಂದರು. ಮುಖ ಹುದುಗೆದ್ದ ಹಿಟ್ಟಿನಂತಿತ್ತು.

“ಹೋದ ಮೇಲೂ ದಪ್ಪ ಆಗ್ತಾರೇನಣ್ಣ?” ಎಂದ ಕ್ಷೌರಿಕ.

“ಸುಮ್ನಿರೋ. ದೊಡ್ಡದು ಮಾಡಿದ್ರೆ ಎಲ್ರೂ ಹೀಗೇ.”

ಫೋಟೊ ಅಣ್ಣ ಮೌಸ್ ಹಿಡಿದು ಅಜ್ಜನನ್ನು ಎರಡೂ ಬದಿಯಿಂದ ಒತ್ತತೊಡಗಿದ. “ಇನ್ನೂ ಚೂರು ರೀ, ಅಜ್ಜಿಗೆ ಸಮಾಧಾನ ಆಗ್ಲಿ” ಎಂದು ಹೆಂಡತಿಯೂ ಕರಗಿದಳು. ಕ್ಷೌರಿಕ ಬಾಚಣಿಗೆಯಲ್ಲೇ ತೋರಿಸಿದ: “ಕಿವಿ ಹತ್ರ ಒಂಚೂರು ತೆಗಿ.” ಕೊನೆಗೆ ಪರದೆಯ ಮೇಲಿನ ಅಜ್ಜ ಎಲ್ಲರಿಗೂ ಒಪ್ಪಿಗೆಯಾದರು.

ಪ್ರಿಂಟರಿನಿಂದ ಹೊರಬಂದವರು ಬೇರೆಯೇ ಇದ್ದರು. ಕೆನ್ನೆ ಒಳಕ್ಕೆ ಹೋಗಿ, ಕತ್ತು ಉದ್ದವಾಗಿ, ಹಸಿದ ಕೊಕ್ಕರೆಯಂತಿದ್ದರು. ಕ್ಷೌರಿಕನಿಗೆ ಥಟ್ಟನೆ ಗಿರಾಕಿಯ ನೆನಪಾಯಿತು.

ಹಿಗ್ಗಿ ಕಂಡದ್ದು ಪರದೆಯಲ್ಲಷ್ಟೇ, ಚಿತ್ರ ಸರಿಯಾಗೇ ಇತ್ತು ಎಂದು ಫೋಟೊ ಅಣ್ಣನಿಗೆ ಹೊಳೆಯುವುದಕ್ಕೂ ಅಜ್ಜಿ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು.

“ಅಜ್ಜಿ, ಒಂದು ನಿಮಿಷ, ಅದು ಸರಿಯಾಗಿ ಬಂದಿಲ್ಲ...”

ಅಷ್ಟರಲ್ಲಿ ಫೋಟೊ ಅವಳ ಕೈ ಸೇರಿತ್ತು. ಅಜ್ಜಿ ನೋಡುತ್ತಲೇ ನಿಂತಳು. ಉಗುರು ಸಂದಿಯಲ್ಲಿ ಮೈದಾ ಹಿಟ್ಟು ಇನ್ನೂ ಇತ್ತು. ಇರುವ ಒಂದೇ ಮುಖವನ್ನೂ ಕೆಡಿಸಿಬಿಟ್ಟೆನಲ್ಲ ಎಂದು ಫೋಟೊ ಅಣ್ಣ ತಲೆ ತಗ್ಗಿಸಿದ.

“ನಮ್ಮಪ್ಪನ ಹತ್ರ ಕೆಲಸ ಕೇಳ್ಕೊಂಡು ಬಂದಾಗ ಹೀಗೇ ಇದ್ರಪ್ಪ, ಕಡ್ಡಿ ಹಾಗೆ” ಎಂದಳು ಅಜ್ಜಿ ಮೆಲ್ಲಗೆ. “ತಿನ್ನಿಸಿ ತಿನ್ನಿಸಿ ದಪ್ಪ ಮಾಡಿದ್ದು ನಾನು. ಈ ಮುಖ ನಂಗೆ ಮರೆತೇಹೋಗಿತ್ತು. ನಿಂಗೆ ಹೇಗಪ್ಪ ಗೊತ್ತಾಯ್ತು?”

ಉತ್ತರಕ್ಕೂ ಕಾಯದೆ ಅಜ್ಜಿ ಫೋಟೊವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಮರುಕ್ಷಣವೇ ಅವನು ಪರದೆಯನ್ನು ಅದರದೇ ಅಳತೆಗೆ ತಂದ. ಎಲ್ಲವೂ ತೊಳೆದಿಟ್ಟಂತೆ ಸ್ಪಷ್ಟವಾಯಿತು. “ಇನ್ಮೇಲೆ ಇರುವೆ ಕಂಡ್ರೂ ಸರಿ, ಆನೆ ಕಂಡ್ರೂ ಸರಿ, ಇದನ್ನ ಮುಟ್ಟಲ್ಲ ಕಣೇ.”

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಮತ್ತೆ ಅಜ್ಜಿ! ಕೈಯಲ್ಲಿ ಅವಳದೇ ಫೋಟೊ.

“ಅವರ ಪಕ್ಕ ನನ್ನನ್ನ ಇಟ್ಟು ನೋಡಿದೆ. ಅವರಮ್ಮನ ಹಾಗೆ ಕಾಣ್ತೀನಿ! ಗೋಡೆ ಮೇಲೆ ಹಾಗೆ ಹೇಗಪ್ಪ ಇರೋದು? ನನ್ನನ್ನೂ ಆ ಕಾಲಕ್ಕೆ ಕಳಿಸು.”

ಸರಿಯಾದ ಅಳತೆಯಲ್ಲಿ ಅಜ್ಜಿ ದುಂಡಗೆ, ನಗುನಗುತ್ತಾ ಪರದೆ ತುಂಬಿದಳು. ಅವನು ಎರಡೂ ಬದಿಯಿಂದ ಒತ್ತಲು ಹೋದ, ಕೈ ಬರಲಿಲ್ಲ. ಮತ್ತೆ ಹೋದ, ಬರಲಿಲ್ಲ. ಇದ್ದ ಹಾಗೇ ಎಷ್ಟು ಚೆನ್ನಾಗಿದ್ದಾಳೆ!

“ಹಳೇ ಅಳತೆಗೇ ಹಾಕಿ ರೀ, ಉಬ್ಬಿ ಕಂಡ್ರೆ ಒತ್ತೋಕೆ ಕೈ ಬರುತ್ತೆ” ಎಂದು ಪಿಸುಗುಟ್ಟಿದಳು ಹೆಂಡತಿ.

ಫೋಟೊ ಅಣ್ಣ ನಿಟ್ಟುಸಿರು ಬಿಟ್ಟು ತಪ್ಪು ಅಳತೆಯನ್ನೇ ಒತ್ತಿದ. ಅಜ್ಜಿ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.

“ತೀರಾ ಸಣ್ಣ ಮಾಡಬೇಡಪ್ಪ. ಅವರು ಬಂದ ವರ್ಷ ನಾನು ಒಂಚೂರು ಗುಂಡಗೇ ಇದ್ದೆ.”