ಪಡವಲಕಾಯಿಗೆ ಕಟ್ಟಿದ ಕಲ್ಲು

ನಮ್ಮ ಮಾವನವರು ಕಳ್ಳರು! ಸೊಸೆಯಾದವಳು ಹೀಗೆ ಬಾಯಿಬಿಟ್ಟು ಹೇಳಬಾರದು, ನಿಜ. ಆದರೆ ನಾನೊಬ್ಬಳೇ ಹೇಳಿದ್ದಲ್ಲ. ತಿಪಟೂರಿನ ಅರ್ಧ ಪೇಟೆ ಹೇಳಿತ್ತು. ನಮ್ಮ ಅತ್ತೆಯಂತೂ ದಿನಾ ಬೆಳಿಗ್ಗೆ ಕಾಫಿ ಲೋಟ ಕುಕ್ಕುತ್ತಾ ಹೇಳುತ್ತಿದ್ದರು. ಕದ್ದದ್ದೇನು ಅಂತೀರಾ? ಚಿನ್ನವೇ, ಬೆಳ್ಳಿಯೇ? ತೆಂಗಿನ ಸೀಮೆಯಲ್ಲಿದ್ದುಕೊಂಡು ಕಡೇಪಕ್ಷ ಒಂದು ಎಳನೀರು ಕದ್ದಿದ್ದರೂ ಊರಿಗೆ ಒಪ್ಪುವ ಮಾತಾಗುತ್ತಿತ್ತು. ಮಾವ ಕದ್ದದ್ದು ಕಲ್ಲು. ಹನ್ನೆರಡು ಬೆಣಚುಕಲ್ಲು. ಅದೂ ಒಬ್ಬ ಲೆಕ್ಕದ ಮೇಷ್ಟ್ರದ್ದು!

ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತಿದು. ನಾನು ಮದುವೆಯಾಗಿ ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಬಂದ ಹೊಸತು. ಮಾವ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಟೈಲರ್. ಕೆಂಕೆರೆಯಿಂದ ಹೊಲಿಗೆ ಮಿಷನ್ನು ಹೊತ್ತು ತಂದು ಪೇಟೆ ಸೇರಿದವರು. ನಮ್ಮ ಬಾಡಿಗೆ ಮನೆಗೆ ಹಿತ್ತಲಿರಲಿಲ್ಲ. ಆದರೆ ಊರಂಚಿನಲ್ಲಿ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರ ತೆಂಗಿನ ತೋಟವಿತ್ತು. ಅವರು ನಮ್ಮಂಥ ಹಿತ್ತಲಿಲ್ಲದವರಿಗೆ ಒಂದು ಏರ್ಪಾಡು ಮಾಡಿದ್ದರು. ನಾಲ್ಕು ಮರದ ನಡುವಿನ ಜಾಗ ಒಂದು ಮನೆಗೆ. ಬಾಡಿಗೆ ಬೇಡ, ತರಕಾರಿ ಬೆಳೆದುಕೊಳ್ಳಿ, ನಿಮ್ಮ ಪಾತಿಗೆ ನೀರು ಬಿಡುವಾಗ ನಮ್ಮ ಮರಕ್ಕೂ ಬಿಡಿ ಎಂದಿದ್ದರು. ನೆಲದ ಮೇಲೆ ಬೆಳೆದದ್ದು ನಮ್ಮದು, ಮರದ ಮೇಲಿದ್ದದ್ದು ಅವರದು. ಒಬ್ಬ ಬಸ್ ಕಂಡಕ್ಟರ್ ಮಾತ್ರ ಬುದ್ಧಿವಂತಿಕೆ ತೋರಿಸಿ ಕೇಳಿದ್ದನಂತೆ.

"ಅಲ್ಲಾ ಸಾಹುಕಾರ್ರೇ, ಮರದಿಂದ ಕೆಳೀಕ್ ಬಿದ್ದ ಕಾಯಿ ಯಾರ್ದು?"

"ಬಿದ್ದ ಕಾಯಿ ನಮ್ದು ಕಣಪ್ಪ. ಅದು ಬಿದ್ದು ಒಡೆದ ತಲೆ ನಿಮ್ದು!"

ಹೀಗೆ ಆ ತೋಟದಲ್ಲಿ ಹತ್ತಾರು ಮನೆಯವರು ಸೇರಿದ್ದೆವು. ಹತ್ತಾರು ಮನೆ ಅಂದಮೇಲೆ ಹತ್ತಾರು ಬುದ್ಧಿ. ಹೆರಿಗೆ ಆಸ್ಪತ್ರೆಯ ನರ್ಸಮ್ಮ ಒಬ್ಬರಿದ್ದರು, ಕನಕಾಂಬರ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. "ಸೊಪ್ಪು ಸಂತೇಲೂ ಸಿಕ್ತದೆ" ಎನ್ನುತ್ತಿದ್ದರು. ಹೂವೂ ಸಂತೆಯಲ್ಲಿ ಸಿಗುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ತೋಟದವರ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದವು. ಕಂಡಕ್ಟರ್ ಎರಡು ಟ್ರಿಪ್ಪಿನ ನಡುವೆ ಓಡಿಬಂದು, ನಾಲ್ಕು ಕೊಡ ನೀರು ಎರಚಿ, "ರೈಟ್!" ಎಂದು ಗಿಡಗಳಿಗೇ ಹೇಳಿ ಓಡುತ್ತಿದ್ದ. ಅನ್ಯಾಯ ನೋಡಿ, ಇಡೀ ತೋಟದಲ್ಲಿ ಅವನ ದಂಟಿನ ಸೊಪ್ಪಿನಂಥ ಸೊಪ್ಪು ಇನ್ನೊಬ್ಬರಿಗೆ ಬರಲಿಲ್ಲ!

ನಮ್ಮ ಪಕ್ಕದ ಜಾಗ ಹೈಸ್ಕೂಲಿನ ಲೆಕ್ಕದ ಮೇಷ್ಟ್ರದು. ಅವರು ಹಗ್ಗ ಹಿಡಿದು ಗೆರೆ ಎಳೆದು ಬದನೆ ಸಸಿ ನೆಡುತ್ತಿದ್ದರು. ಒಂದು ಸಸಿ ಗೆರೆ ಬಿಟ್ಟು ಎರಡು ಬೆರಳು ಆಚೆ ಹೋದರೆ ಕಿತ್ತು ಮತ್ತೆ ನೆಡುತ್ತಿದ್ದರು. ಬೆಳಿಗ್ಗೆ ಬಂದವರೇ ಚಪ್ಪರದ ಕೆಳಗೆ ನಿಂತು ಪಡವಲಕಾಯಿಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು.

"ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ ಕಣಮ್ಮ. ಒಬ್ಬ ಹುಡುಗ್ನೂ ನೆಟ್ಟಗಾಗ್ಲಿಲ್ಲ. ಕಾಯಾದ್ರೂ ನೆಟ್ಟಗಿರ್ಲಿ" ಎಂದು ಒಮ್ಮೆ ನನಗೆ ಹೇಳಿದ್ದರು.

ಇನ್ನು ನಮ್ಮ ಮಾವ! ಅವರಿಗೆ ಮರುಕದ ಕಾಯಿಲೆ. ದಿನವಿಡೀ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದ ಮನುಷ್ಯ ತೋಟದಲ್ಲಿ ಒಂದು ಬೆಂಡೇಕಾಯಿ ಕೀಳಲಾರರು. ಕೀಳುವ ಕೆಲಸವೆಲ್ಲಾ ಅತ್ತೆಯದು. ಅವರು ಕೀಳುವಾಗ ಮಾವ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಕಳೆ ಕಿತ್ತರೆ ಬೇಲಿ ಬದಿಗೆ ಒಯ್ದು ಮತ್ತೆ ನೆಡುತ್ತಿದ್ದರು. ಎಲೆಕೋಸಿನ ಹುಳುಗಳನ್ನು ಒಂದೊಂದಾಗಿ ಆರಿಸಿ ಎಲೆಯ ಮೇಲೆ ಕೂರಿಸಿಕೊಂಡು ಹೋಗಿ ಸಾಯದ ಹಾಗೆ ಬಿಟ್ಟು ಬರುತ್ತಿದ್ದರು. ಎಲ್ಲಿಗೆ? ಮೇಷ್ಟ್ರ ಎಲೆಕೋಸಿಗೆ!

"ಅಲ್ರೀ, ನನ್ನ ಕೋಸೇ ಬೇಕಾಯ್ತೇನ್ರೀ?"

"ಮತ್ತೆ ಅವೇನ್ ಉಪಾಸ ಸಾಯ್ಬೇಕಾ ಮೇಷ್ಟ್ರೇ? ನಿಮ್ಮವು ಸಾಲಾಗವೆ, ಹುಳಕ್ಕೂ ದಾರಿ ತಪ್ಪಾಕಿಲ್ಲ."

ಚಪ್ಪರದಿಂದ ಇಳಿಬಿದ್ದ ಕುಂಬಳಕಾಯಿಯ ತೊಟ್ಟಿಗೆ ನೋವಾಗುತ್ತದೆಂದು ಅಂಗಡಿಯ ಚೂರುಬಟ್ಟೆಯಲ್ಲಿ ಅದಕ್ಕೊಂದು ಜೋಲಿ ಹೊಲಿದು ಕಟ್ಟಿದ್ದರು. ಅಂದು ನೀರು ಹಾಕಲು ಬಂದ ಕಂಡಕ್ಟರ್ ಜೋಲಿಯನ್ನು ನೋಡಿ ಹಾಗೇ ನಿಂತುಬಿಟ್ಟ.

"ಸಾರ್, ಪ್ಯಾಂಟಿಗೆ ಬಟ್ಟೆ ಸಾಲ್ದು ಅಂತ ನಂದು ಗಿಡ್ಡ ಮಾಡಿ ಹೊಲಿದ್ರಲ್ಲಾ. ಈ ಕುಂಬಳಕಾಯಿ ಯಾವ ಡಿಪೋದಲ್ಲಿ ಡ್ಯೂಟಿ ಮಾಡ್ತದೆ, ಖಾಕಿ ಹಾಕ್ಕೊಂಡದೆ?"

ಇಂಥ ಮಾವನಿಗೂ ಅಂಥ ಮೇಷ್ಟ್ರಿಗೂ ಹನ್ನೆರಡು ವರ್ಷದ ಸ್ನೇಹ. ಹೇಗೆ ಅಂತ ನನ್ನನ್ನು ಕೇಳಬೇಡಿ. ಎರಡು ಜಾಗಕ್ಕೂ ಸೇರಿದ ಒಂದು ಮರವಿತ್ತು. ದಿನಾ ಬೆಳಿಗ್ಗೆ ಅದರ ಬುಡದಲ್ಲಿ ಕೂತು ಒಂದೇ ಸಂಚಿಯಿಂದ ಎಲೆಅಡಿಕೆ ಹಾಕಿಕೊಂಡು ಜಗಳವಾಡುತ್ತಿದ್ದರು. ಎರಡು ಮನೆಗಳ ನಡುವೆ ಒಂದು ಹಿತ್ತಾಳೆ ಬೋಗುಣಿಯೂ ಓಡಾಡುತ್ತಿತ್ತು. ಮೊದಲು ಯಾರ ಮನೆಯದ್ದಾಗಿತ್ತೋ ಇಬ್ಬರಿಗೂ ಮರೆತುಹೋಗಿತ್ತು. ಅವರು ಬದನೆಕಾಯಿ ತುಂಬಿ ಕಳಿಸಿದರೆ ನಾವು ಬೀನ್ಸ್ ತುಂಬಿ ಹಿಂದಿರುಗಿಸಬೇಕು. ಕೊಟ್ಟ ಪಾತ್ರೆಯನ್ನು ಖಾಲಿ ಕಳಿಸುವುದುಂಟೇ? ನಮ್ಮ ಅತ್ತೆಗೂ ಮೇಷ್ಟ್ರ ಹೆಂಡತಿಗೂ ಅದು ಪ್ರಾಣ ಹೋದರೂ ಆಗದ ಮಾತು. ಖಾಲಿ ಪಾತ್ರೆ ಕಳಿಸಿದರೆ ಆ ಮನೆಯ ಋಣ ಮುಗಿಯಿತು ಅಂತಲೇ ಅರ್ಥ. ಹಾಗಾಗಿ ಬೋಗುಣಿಗೆ ವಿಶ್ರಾಂತಿಯೇ ಇರಲಿಲ್ಲ.

ಈಗ ಕಳ್ಳತನದ ವಿಷಯಕ್ಕೆ ಬರುತ್ತೇನೆ. ಪಡವಲಕಾಯಿ ಎಳೆಯದಿರುವಾಗ ಅದರ ತುದಿಗೊಂದು ಸಣ್ಣ ಕಲ್ಲು ಕಟ್ಟಿ ಇಳಿಬಿಡುವುದು ಎಲ್ಲರೂ ಮಾಡುವುದೇ. ಇಲ್ಲದಿದ್ದರೆ ಕಾಯಿ ಸುರುಳಿ ಸುತ್ತಿಕೊಂಡುಬಿಡುತ್ತದೆ. ಮೇಷ್ಟ್ರು ಮಾಡಿದರೆ ಸುಮ್ಮನೆ ಮಾಡುತ್ತಾರೆಯೇ? ಹಳ್ಳದಿಂದ ಒಂದೇ ಗಾತ್ರದ ಹನ್ನೆರಡು ಬೆಣಚುಕಲ್ಲು ಆರಿಸಿ ತಂದು, ಕೆಂಪು ಬಣ್ಣದಲ್ಲಿ ಒಂದರಿಂದ ಹನ್ನೆರಡರವರೆಗೆ ನಂಬರು ಬರೆದು, ತೆಂಗಿನ ನಾರಿನ ಹುರಿಯಲ್ಲಿ ಕಟ್ಟಿದ್ದರು. ಮಾವನಿಗೆ ಅದನ್ನು ನೋಡಿದಾಗಲೆಲ್ಲಾ ಸಂಕಟ.

"ಎಳೇ ಕೂಸಿನ ಕಾಲಿಗೆ ಕಲ್ಲು ಕಟ್ಟಿದಂಗದೆ ಕಣವ್ವ. ದಿನವೆಲ್ಲಾ ನೇರಕ್ಕೆ ಹೊಲ್ದು ಹೊಲ್ದು ನಂಗೇ ಸಾಕಾಗದೆ. ಕಾಯಿ ಅದರ ಇಷ್ಟ ಬಂದಂಗೆ ಇರ್ಲಿ ಬುಡು ಅತ್ಲಾಗೆ" ಎಂದು ನನ್ನ ಹತ್ತಿರ ಗೋಳಾಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಮೇಷ್ಟ್ರು ಪರೀಕ್ಷೆಯ ಪೇಪರು ತಿದ್ದಲು ಹತ್ತು ದಿನ ತುಮಕೂರಿಗೆ ಹೋದರು. ಹೋಗುವಾಗ ತೋಟವನ್ನು ಯಾರ ಕೈಗೆ ಒಪ್ಪಿಸಿದರು? ನಮ್ಮ ಮಾವನ ಕೈಗೆ! ಬೆಕ್ಕಿಗೆ ಹಾಲಿನ ಕಾವಲು ಅಂದರೆ ಬೆಕ್ಕಿಗೆ ಅವಮಾನ. ಹಿಂತಿರುಗಿ ಬಂದು ನೋಡುತ್ತಾರೆ, ಹನ್ನೆರಡು ಕಾಯಿಯೂ ಜಿಲೇಬಿ ಸುತ್ತಿವೆ. ಒಂದು ಕಲ್ಲೂ ಇಲ್ಲ.

"ಅಳಿಲೇನೋ" ಎಂದರು ಮಾವ, ಆಕಾಶ ನೋಡುತ್ತಾ.

"ಅಳಿಲು ಕಾಯಿ ಬಿಟ್ಟು ಕಲ್ಲು ತಿಂತೇನ್ರೀ?"

ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕದಿಯುವುದಕ್ಕೂ ಸ್ವಲ್ಪ ಬುದ್ಧಿ ಬೇಕು ನೋಡಿ! ಇನ್ನೊಬ್ಬರ ವಸ್ತುವನ್ನು ಎಸೆಯಲು ಮಾವನಿಗೆ ಮನಸ್ಸಾಗಲಿಲ್ಲ. ಅಷ್ಟೂ ಕಲ್ಲುಗಳನ್ನು ಜೋಪಾನವಾಗಿ ಅಂಗಡಿಗೆ ಒಯ್ದು, ಬಟ್ಟೆ ಕತ್ತರಿಸುವಾಗ ಫ್ಯಾನಿನ ಗಾಳಿಗೆ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ವಾರ ಕಳೆದ ಮೇಲೆ ಮೇಷ್ಟ್ರು, ಮೊದಲೇ ಬಟ್ಟೆ ಕೊಟ್ಟಿದ್ದ ಅಂಗಿಗೆ ಅಳತೆ ಕೊಡಲು ಬಂದರು. ಅವರ ಬಟ್ಟೆಯ ಮೇಲೆ ಅವರದೇ ಏಳನೇ ನಂಬರು ಕೂತಿತ್ತು! ನಾನು ಮಾವನಿಗೆ ಊಟದ ಕ್ಯಾರಿಯರ್ ತಂದಿದ್ದೆ, ಕಣ್ಣಾರೆ ಕಂಡೆ.

"ಏನ್ರೀ ಇದು?"

"ಕಲ್ಲು ಕಣ್ರೀ ಮೇಷ್ಟ್ರೇ."

"ಯಾರ ಕಲ್ಲು?"

"ಭೂಮ್ತಾಯಿದು."

"ಭೂಮ್ತಾಯಿ ಏಳು ಅಂತ ಬರ್ಕೊಂಡಿರ್ತಾಳೇನ್ರೀ?"

ಮಾವ ತಲೆ ತಗ್ಗಿಸಿದರು. ಮೇಷ್ಟ್ರು ಕೂಗಾಡಲಿಲ್ಲ. ಹನ್ನೆರಡನ್ನೂ ಎಣಿಸಿ ಚೀಲಕ್ಕೆ ಹಾಕಿಕೊಂಡರು. "ಕಾಯಿ ಹೋಗ್ಲಿ ಬಿಡ್ರೀ. ನಂಬಿ ಬಿಟ್ಟುಹೋಗಿದ್ದೆ" ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದರು. ಅಂದಿನಿಂದ ಮೂರು ವರ್ಷ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಅಂದರೆ ಎಂಥ ಮಾತಿಲ್ಲ! ಇಬ್ಬರೂ ಪಕ್ಕಪಕ್ಕದಲ್ಲೇ ಬೆನ್ನು ಹಾಕಿಕೊಂಡು ಗಿಡ ಅಗೆಯುತ್ತಿದ್ದರು. ಮೇಷ್ಟ್ರ ಪಾತಿಯ ಬದು ಒಡೆದು ನೀರು ಹರಿದರೆ ಮಾವ ಆ ಮರಕ್ಕೆ ಹೇಳುತ್ತಿದ್ದರು. "ನೋಡಪ್ಪ ಮರವೇ, ಯಾರ್ದೋ ನೀರು ಪೋಲಾಯ್ತಾ ಅದೆ." ಮೇಷ್ಟ್ರೂ ಅದೇ ಮರಕ್ಕೆ, "ಗೊತ್ತಿದೆ ಅಂತ ಹೇಳಪ್ಪ" ಎನ್ನುತ್ತಿದ್ದರು. ಆ ಮರ ಆ ಮೂರು ವರ್ಷ ಕಾಯಿ ಕಮ್ಮಿ ಬಿಟ್ಟಿತು ಎಂದು ಸಾಹುಕಾರರು ಕೊರಗುತ್ತಿದ್ದರು.

ಆದರೆ ಬೋಗುಣಿ ನಿಲ್ಲಲಿಲ್ಲ. ಜಗಳವಾದ ದಿನ ಅದು ನಮ್ಮ ಮನೆಯಲ್ಲಿತ್ತು. ಖಾಲಿ ಕಳಿಸುವ ಹಾಗಿಲ್ಲವಲ್ಲ! ಅತ್ತೆ ಹೀರೇಕಾಯಿ ತುಂಬಿ ನನ್ನ ಕೈಲಿ ಕೊಟ್ಟರು. ನಾಲ್ಕು ದಿನಕ್ಕೆ ಅಲ್ಲಿಂದ ಬೆಂಡೇಕಾಯಿ ಬಂತು. ಮಾವ ನಾನು ಬರುವುದನ್ನೇ ಕಾಯುತ್ತಿದ್ದರು.

"ಏನಂದ್ರವ್ವ ಮೇಷ್ಟ್ರು?"

"ಏನೂ ಅನ್ಲಿಲ್ಲ ಮಾವ. ಪೇಪರ್ ಓದ್ತಿದ್ರು."

ಮಾವ ಒಂದು ಬೆಂಡೇಕಾಯಿಯ ತುದಿ ಮುರಿದು ನೋಡುತ್ತಿದ್ದರು. ನಾರು ಬಲಿತಿದ್ದರೆ, "ಇನ್ನೂ ಸಿಟ್ಟದೆ" ಎಂದು ಪೆಚ್ಚಾಗುತ್ತಿದ್ದರು. ಟಕ್ಕನೆ ಮುರಿದರೆ ಮುಖ ಅರಳುತ್ತಿತ್ತು. "ಎಳೇವು ಕಳಿಸವ್ರೆ ಕಣವ್ವ! ಇಳಿದದೆ, ಇಳಿದದೆ." ನಗಬೇಡಿ. ಮೂರು ವರ್ಷ ಆ ಮನುಷ್ಯ ಸ್ನೇಹಿತನ ಮನಸ್ಸನ್ನು ಬೆಂಡೇಕಾಯಿಯಲ್ಲಿ ಓದುತ್ತಾ ಬದುಕಿದರು. ನಾನೂ ಕೊನೆಕೊನೆಗೆ ಮೇಷ್ಟ್ರ ಮನೆಯಲ್ಲಿ ನಿಂತು, "ಎಳೇವು ಹಾಕಿ ಅಕ್ಕಾ" ಎಂದು ಅವರ ಹೆಂಡತಿಯ ಕಿವಿಯಲ್ಲಿ ಹೇಳಿ ಬರುತ್ತಿದ್ದೆ.

"ಹೋಗಿ ಒಂದ್ ಮಾತು ತೆಪ್ಪಾಯ್ತು ಅನ್ರೀ. ಏನ್ ಕಿರೀಟ ಬಿದ್ದೋಯ್ತದಾ?" ಎಂದು ಅತ್ತೆ ದಿನಾ ಬೈಯುತ್ತಿದ್ದರು.

"ಯಾವ ಮುಖ ಇಟ್ಕೊಂಡು ಹೋಗ್ಲೇ? ನಂಬಿದ್ದೆ ಅಂದ್ಬುಟ್ರಲ್ಲ."

ಅಷ್ಟರಲ್ಲಿ ಮೇಷ್ಟ್ರಿಗೆ ರಿಟೈರ್ ಆಯಿತು. ಸ್ವಂತ ಊರು ತುರುವೇಕೆರೆಗೆ ಹೋಗಿ ನೆಲೆಸುತ್ತಾರೆಂದು ಸುದ್ದಿ ಬಂತು. ಬೋಗುಣಿ ಆಗ ಅವರ ಮನೆಯಲ್ಲಿತ್ತು. ಮಾವನಿಗೆ ಊಟ ಸೇರದಾಯಿತು. ಬೋಗುಣಿ ಬಾರದೇ ಹೋದರೆ? ಅಥವಾ ಖಾಲಿ ಬಂದರೆ? ಅಂಗಡಿಯಲ್ಲಿ ಯಾರದೋ ಅಂಗಿಗೆ ಎರಡು ಎಡಗೈ ಹೊಲಿದು ಕೊಟ್ಟರು. ಸಾಮಾನಿನ ಲಾರಿ ಹೊರಡುವ ದಿನ ಬೆಳಿಗ್ಗೆ ಮೇಷ್ಟ್ರ ಹೆಂಡತಿ ನಮ್ಮ ಬಾಗಿಲಿಗೆ ಬಂದು, ಬಾಳೆಲೆ ಮುಚ್ಚಿದ ಬೋಗುಣಿಯನ್ನು ಅತ್ತೆಯ ಕೈಗಿಟ್ಟು, ಕಣ್ಣೊರೆಸಿಕೊಂಡು ಹೋದರು. ಮಾವ ಓಡಿಬಂದು ಎಲೆ ತೆಗೆದರು. ಒಳಗೆ ಕಲ್ಲುಗಳು! ಒಂದರಿಂದ ಹನ್ನೆರಡರವರೆಗೆ, ಹುರಿಯ ಸಮೇತ.

"ಕಲ್ಲು ತುಂಬಿ ಕಳಿಸವ್ರಲ್ರೀ! ಇದಕ್ಕಿಂತ ಖಾಲಿ ಕಳಿಸಿದ್ರೆ ಚೆನ್ನಾಗಿತ್ತು" ಎಂದು ಅತ್ತೆ ಅತ್ತೇಬಿಟ್ಟರು. ಮಾವ ಒಂದೊಂದನ್ನೇ ತಿರುಗಿಸಿ ನೋಡಿದರು. ಬೆಂಡೇಕಾಯಿ ಓದಲು ಬರುತ್ತಿದ್ದ ಮನುಷ್ಯನಿಗೆ ಕಲ್ಲು ಓದಲು ಬರಲಿಲ್ಲ. ಮೇಷ್ಟ್ರು ಆ ಕಲ್ಲನ್ನು ಮಾವನ ಎದೆಗೇ ಹೊಡೆದರೇ? ಸಿಟ್ಟನ್ನು ಇಲ್ಲೇ ಬಿಟ್ಟು ಹೋದರೇ? ಯಾರನ್ನು ಕೇಳುವುದು?

ಆ ಮಳೆಗಾಲದಲ್ಲಿ ಮಾವ ಒಂದು ಕೆಲಸ ಮಾಡಿದರು. ನಮ್ಮ ಚಪ್ಪರಕ್ಕೆ ಪಡವಲದ ಬೀಜ ಹಾಕಿದರು. ಕಾಯಿ ಇಳಿಯುವ ಹೊತ್ತಿಗೆ ಆ ಕಲ್ಲುಗಳನ್ನು ತಂದು, ಒಂದೊಂದು ಎಳೆಗಾಯಿಗೂ ಕಟ್ಟಿದರು. ಪ್ರತಿ ಕಾಯಿಗೂ ಏನೋ ಪಿಸುಗುಡುತ್ತಿದ್ದರು. ಹತ್ತಿರ ಹೋಗಿ ಕೇಳಿಸಿಕೊಂಡೆ. "ಒಂದ್ಸಲ ತಡ್ಕಳಪ್ಪ. ಮೇಷ್ಟ್ರಿಗೋಸ್ಕರ, ಒಂದೇ ಒಂದ್ಸಲ."

ಕಾಯಿಗಳು ನೆಟ್ಟಗೆ ಬಂದವು. ಹುಟ್ಟಿದಾಗಿನಿಂದ ಕಾಯಿ ಕೀಳದಿದ್ದ ಮಾವ ಮೂರು ಕಾಯಿಯನ್ನು ತಾವೇ ಕಿತ್ತರು. ಅಳತೆ ತೆಗೆದು ಅವಕ್ಕೊಂದು ಉದ್ದನೆಯ ಚೀಲ ಹೊಲಿದು, ಬೋಗುಣಿಯಲ್ಲಿ ನಿಲ್ಲಿಸಿ, ನನ್ನನ್ನು ಜೊತೆಗೆ ಕರೆದುಕೊಂಡು ತುರುವೇಕೆರೆಯ ಬಸ್ಸು ಹತ್ತಿದರು.

ಮೇಷ್ಟ್ರ ಮನೆಯ ಹಿತ್ತಲಿಗೆ ಹೋದೆವು. ಅವರು ಚಪ್ಪರದ ಕೆಳಗೆ ಸ್ಟೂಲು ಹಾಕಿಕೊಂಡು ಕೂತಿದ್ದರು. ತಲೆಯ ಮೇಲೆ ಪಡವಲಕಾಯಿಗಳು. ಎಲ್ಲವೂ ಸೊಟ್ಟ! ಒಂದು ಬಲಕ್ಕೆ ಸುತ್ತಿದ್ದರೆ ಒಂದು ಎಡಕ್ಕೆ ಸುತ್ತಿತ್ತು. ಒಂದಂತೂ ತನ್ನ ಬಳ್ಳಿಯನ್ನೇ ತಬ್ಬಿಕೊಂಡಿತ್ತು. ಮಾವ ಅದನ್ನು ನೋಡುತ್ತಾ ನಿಂತರು. ಮೇಷ್ಟ್ರು ಮಾವನ ಕೈಯಲ್ಲಿದ್ದ ನೆಟ್ಟನೆಯ ಕಾಯಿಗಳನ್ನು ನೋಡಿದರು. ಅಲ್ಲಿ ನಡುವೆ ಮಾತಾಡಿಸಲು ಮರವೂ ಇರಲಿಲ್ಲ.

"ಸೊಟ್ಟಗವಲ್ರೀ ಮೇಷ್ಟ್ರೇ" ಎಂದರು ಮಾವ. "ತುರುವೇಕೆರೇಲಿ ಕಲ್ಲಿಗೇನ್ ಬರವಾ? ಕಟ್ಬಾರ್ದಾಗಿತ್ತಾ?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಕಟ್ಟೋಕೆ ಹೋದೆ ಕಣ್ರೀ. ಪಾಪ ಅನ್ನಿಸ್ತು."

ನಾನು ಬಾವಿಯ ಕಡೆಗೆ ಹೋಗಿಬಿಟ್ಟೆ. ಇಬ್ಬರು ಮುದುಕರು ಅಳುವುದನ್ನು ಸೊಸೆ ನಿಂತು ನೋಡಬಾರದು. ತಿರುಗಿ ಬಂದಾಗ ಇಬ್ಬರೂ ಒಂದೇ ಸಂಚಿಯಿಂದ ಎಲೆಅಡಿಕೆ ಹಾಕಿಕೊಂಡು, ಬದನೆ ಸಾಲಿನ ವಿಷಯಕ್ಕೆ ಜೋರಾಗಿ ಜಗಳವಾಡುತ್ತಿದ್ದರು.

ಸಂಜೆಯ ಬಸ್ಸಿನಲ್ಲಿ ಹಿಂದಿರುಗಿದೆವು. ಮಾವನ ತೊಡೆಯ ಮೇಲೆ ಬೋಗುಣಿ, ಅದರೊಳಗೆ ಸುರುಳಿ ಸುತ್ತಿಕೊಂಡು ಲಕ್ಷಣವಾಗಿ ಕೂತ ಒಂದು ಪಡವಲಕಾಯಿ. ಟಿಕೇಟು ಕೊಡಲು ಬಂದವನು ನಮ್ಮ ತೋಟದ ಕಂಡಕ್ಟರೇ.

"ಏನ್ಸಾರ್, ನಾಗಪ್ಪನ್ನ ಹಿಡ್ಕೊಂಡ್ ಹೊಂಟಿದೀರಾ? ಅದಕ್ಕೂ ಟಿಕೀಟ್ ಆಗ್ತದೆ."

ಮಾವನಿಗೆ ಅದು ಕೇಳಿಸಲೇ ಇಲ್ಲ. ಕಿಟಕಿಯಾಚೆ ಸಾಲುಸಾಲು ತೆಂಗಿನ ಮರಗಳು ಹಿಂದೆ ಹೋಗುತ್ತಿದ್ದವು. ಕಣ್ಣು ತುಂಬಿಕೊಂಡೇ ನನ್ನ ಕಡೆ ತಿರುಗಿದರು.

"ಬೋಗುಣಿ ಈಗ ನಮ್ಮತ್ರ ಅದೆ ಕಣವ್ವ" ಎಂದರು. "ಖಾಲಿ ಕೊಡಾಕಾಯ್ತದಾ? ಮುಂದಿನ ವಾರ ಇನ್ನೊಂದ್ಸಲ ಹೋಗ್ಲೇಬೇಕು."