ಮಾಳಿಂಗಪ್ಪನ ಕುರಿ, ಅಂಬರೀಶನ ಫಿಲ್ಟರು

ಬೆಳಿಗ್ಗೆಯ ಚಹಾ ಇನ್ನೂ ಬಾಯಿಗೆ ಹೋಗಿರಲಿಲ್ಲ, ಮಾಳಿಂಗಪ್ಪನ ಫೋನು ಬಂತು.

"ನನ್ನ ಕುರಿ ನಿನ್ನ ಹೊಲಕ್ಕ ಬರಂಗಿಲ್ಲ. ನನ್ನ ಟಗರು ಕಂಡೋರ ಹಿಂಡಿನಾಗ ನುಗ್ತದ ಅಂತ ನಿನ್ನ ಪುಟದಾಗ ಬರದೀಯಲ್ಲ, ಅಂಥ ಟಗರು ನಿನಗ್ಯಾಕ ಬೇಕು?"

ಅಂಬರೀಶ ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು.

ಸಿರ್ಗಾಪುರದ ಕಡೆ ಮಳೆಗೆ ಮುಂಚೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸುವುದೆಂದರೆ ಸಣ್ಣ ಮಾತಲ್ಲ. ಹಿಂಡು ನಾಲ್ಕು ರಾತ್ರಿ ಹೊಲದಲ್ಲಿ ಕೂತೆದ್ದರೆ ಆ ವರ್ಷದ ತೊಗರಿಗೆ ಬೇರೆ ಗೊಬ್ಬರ ಬೇಡ. ಬದಲಿಗೆ ಹೊಲದವರು ಕುರಿಗಾರರಿಗೆ ಊಟ ಹಾಕಬೇಕು. ಅಂಬರೀಶ ಯುಗಾದಿಯಿಂದ ಮಾಳಿಂಗಪ್ಪನ ಬೆನ್ನು ಬಿದ್ದು, ಇವತ್ತಿನಿಂದ ಹಿಂಡು ತನ್ನ ಹೊಲಕ್ಕೆ ಬರುವಂತೆ ಒಪ್ಪಿಸಿದ್ದ. ಮೋಡ ಆಗಲೇ ಕಟ್ಟುತ್ತಿತ್ತು. ಇವತ್ತು ತಪ್ಪಿದರೆ ಈ ವರ್ಷ ಹೊಲಕ್ಕೆ ಒಂದು ಹಿಕ್ಕೆಯೂ ಬೀಳುವಂತಿರಲಿಲ್ಲ.

"ನಾ ಒಂದಕ್ಷರ ಬರದಿಲ್ಲ," ಎಂದು ಅಂಬರೀಶ ಹೆಂಡತಿ ಭವಾನಿಯ ಮೇಲೆ ಹರಿಹಾಯ್ದ. "ಊರಿಗಿ ಉಪಕಾರ ಮಾಡಾಕ ಹೋದ್ರ ಹಿಂಗ ನೋಡು."

ಆ ಉಪಕಾರದ ಹೆಸರು ವಿಕಿ, ಊರವರೇ ಬರೆದು ತುಂಬುವ ಜಾಲತಾಣ. ಜಹೀರಾಬಾದಿನಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದ ಅಂಬರೀಶ, ಸುತ್ತಲಿನ ಹೊಲದವರಿಗೂ ಕುರಿಗಾರರಿಗೂ ಒಂದೊಂದು ಪುಟ ಮಾಡಿಕೊಟ್ಟಿದ್ದ. ಪ್ರತಿ ಪುಟದ ಕೆಳಗೆ 'ಇವರ ಬಗ್ಗೆ ಮಂದಿ ಮಾತು' ಅನ್ನುವ ಚೌಕಟ್ಟು, ಅಂದರೆ ವಿಜೆಟ್ಟು, ಅವನೇ ಕೈಯಾರೆ ಕಟ್ಟಿದ್ದು. ಮಂದಿ ತಮ್ಮ ಹೆಸರು ಹಾಕದೆ ಬರೆದ ಮಾತೆಲ್ಲ ಒಂದೇ ರಾಶಿ. ಆ ರಾಶಿಯನ್ನು ಜರಡಿ ಹಿಡಿದು, ಯಾರ ಪುಟವೋ ಅವರ ಬಗೆಗಿನ ಮಾತಷ್ಟೇ ತೋರಿಸಲು ಒಳಗೊಂದು ಫಿಲ್ಟರು. ನಿನ್ನೆ ಸಂಜೆ ಎಲ್ಲರಿಗೂ ಅವರವರ ಹೆಸರಿನಲ್ಲಿ ಲಾಗಿನ್ ಆಗುವ ಲಿಂಕು ಕಳಿಸಿ, ತನ್ನ ಬುದ್ಧಿಗೆ ತಾನೇ ಮೆಚ್ಚಿ ಮಲಗಿದ್ದ.

ಈಗ ಲ್ಯಾಪ್‌ಟಾಪಿನಲ್ಲಿ ತನ್ನ ಪುಟ ತೆರೆದ. ಟಗರಿನ ಸುದ್ದಿಯೇ ಇಲ್ಲ. ಇದ್ದದ್ದು ಇಷ್ಟು: 'ಹೊಲ ಚಲೋ ಅದ. ಊಟಕ್ಕ ಮಾತ್ರ ತಲಿಗಿ ಎರಡೇ ರೊಟ್ಟಿ.'

"ನನ್ನ ಪುಟದಾಗ ನಂದೇ ಅದ. ಫಿಲ್ಟರ್ ಬರೋಬ್ಬರಿ ಅದ. ಮಾಳಿಂಗಪ್ಪ ಕಾಕಾಗ ಅರಳು ಮರಳು."

ಭವಾನಿ ಬಗ್ಗಿ ಓದಿದಳು. "ರೊಟ್ಟಿ ಮಾತು ಖರೆ ಅದರಿ. ಇವತ್ತರ ಒಂದ್ ನಾಕ್ ಜಾಸ್ತಿ ಬಡೀಲಿ?"

"ತಲಿಗಿ ಎರಡು ಸಾಕು. ಹೊಟ್ಟಿ ತುಂಬಿ ಅವ್ರು ಮಲಗಿದ್ರ ಕುರಿ ಕಾಯೋರ‍್ಯಾರು?"

ಅಷ್ಟರಲ್ಲಿ ಪಕ್ಕದ ಹೊಲದ ಮಾಣಿಕಮ್ಮ ಫೋನು ಹಿಡಿದು ಅಂಗಳಕ್ಕೆ ಬಂದಳು. "ಏ ಅಂಬರೀಶ, ನನ್ನ ಬಾಯಿ ಜೋರು ಅಂತ ನಿನ್ನ ಪುಟದಾಗ ಹಾಕೀಯಲ್ಲ, ಯಾವಾಗ ಕೇಳೀದಿ ನನ್ನ ಬಾಯಿ?" ಆ ಪ್ರಶ್ನೆ ಬಸ್ ನಿಲ್ದಾಣದವರಿಗೂ ಕೇಳಿಸಿತು.

"ಪೂರಾ ಓದೀದೇನು ಚಿಗವ್ವ?"

"ಮೊದಲ್ನೇ ಸಾಲಿಗೇ ಮೈ ಉರೀತು, ಮುಂದೇನು ಓದ್ಲಿ?"

ಅವಳ ಹಿಂದೆ ಆಚೆ ಹೊಲದ ಸೂರ್ಯಕಾಂತ, ಸೂರ್ಯಕಾಂತನ ಹಿಂದೆ ಅವನ ನಾಯಿ. "ನನ್ನ ನಾಯಿ ಕಡೀತದಂತ. ಇಂಥ ಸುಳ್ಳು ಬರದವ ಉದ್ಧಾರ ಆಗಂಗಿಲ್ಲ," ಎಂದು ಅವನು ಹೇಳುವಾಗ ಅಂಬರೀಶನ ಲುಂಗಿಯ ಅಂಚು ನಾಯಿಯ ಬಾಯಲ್ಲಿತ್ತು.

ಲುಂಗಿ ಬಿಡಿಸಿಕೊಂಡು ಒಳಗೆ ಬಂದ ಅಂಬರೀಶನಿಗೆ ಸಿಟ್ಟು ನೆತ್ತಿಗೇರಿತ್ತು. ಮಾಡುವವರು ಇವರು, ಬರೆಯುವವರು ಇನ್ಯಾರೋ, ಬೈಸಿಕೊಳ್ಳುವವನು ತಾನು. ಯಾವ ಊರ ನ್ಯಾಯ ಇದು? ಫಿಲ್ಟರನ್ನು ಅಳಿಸಿ ಮತ್ತೆ ಬರೆದ. ವಿಜೆಟ್ಟನ್ನೇ ತೆಗೆದು ಮತ್ತೆ ಹಾಕಿದ. ಪ್ರತಿ ಸಲ ತನ್ನ ಪುಟ ತೆರೆದು ನೋಡಿದ, ಪ್ರತಿ ಸಲವೂ ಎಲ್ಲ ಸರಿಯಾಗಿಯೇ ಇತ್ತು. ಅಂಗಳದಲ್ಲಿ ನಿಂತವರ ಫೋನಿನಲ್ಲಿ ಮಾತ್ರ ಯಾರದ್ದೂ ಸರಿಯಾಗಲಿಲ್ಲ.

ಕೊನೆಗೆ ಮಾಣಿಕಮ್ಮನ ಫೋನನ್ನೇ ಇಸಿದುಕೊಂಡು ತನ್ನ ಫೋನಿನ ಪಕ್ಕ ಇಟ್ಟ. ಎರಡರಲ್ಲೂ ಅದೇ ಪುಟ, ಅಂಬರೀಶನದು. ಅವಳದರಲ್ಲಿ ಅವಳ ಬಾಯಿ, ಇವನದರಲ್ಲಿ ಇವನ ರೊಟ್ಟಿ. ತನ್ನ ಫೋನಿನಲ್ಲಿ ಮಾಳಿಂಗಪ್ಪನ ಪುಟ ತೆರೆದ: ಎರಡೇ ರೊಟ್ಟಿ. ಸೂರ್ಯಕಾಂತನ ಪುಟ: ಎರಡೇ ರೊಟ್ಟಿ. ಯಾರ ಪುಟಕ್ಕೆ ಹೋದರೂ ಆ ಎರಡು ರೊಟ್ಟಿ ಅವನ ಬೆನ್ನು ಬಿಡಲಿಲ್ಲ.

ಆಗ ತಿಳಿಯಿತು. 'ಈ ಮನುಷ್ಯನ ಬಗೆಗಿನ ಮಾತು ತೋರಿಸು' ಎಂದು ಅವನು ಫಿಲ್ಟರಿಗೆ ಹೇಳಿದ್ದ. ಅವನ ಮನಸ್ಸಿನಲ್ಲಿದ್ದ ಮನುಷ್ಯ ಪುಟದವನು. ಫಿಲ್ಟರು ಹಿಡಿದ ಮನುಷ್ಯ ಪುಟ ಓದುತ್ತ ಕೂತವನು. ತನ್ನ ಪುಟವನ್ನು ತಾನೇ ಓದಿದರೆ ಇಬ್ಬರೂ ಒಬ್ಬನೇ, ತಪ್ಪು ಕಾಣುವುದಾದರೂ ಹೇಗೆ?

ಒಂದು ಮಾತು ತಿದ್ದಿದ, ಮುಗಿಯಿತು. ಕೂಡಲೇ ಮಾಳಿಂಗಪ್ಪನಿಗೆ ಫೋನು ಹಚ್ಚಿದ.

"ಕಾಕಾ, ನಾ ಬರದಿದ್ದಲ್ಲ, ಫಿಲ್ಟರ್ ಮಾಡಿದ್ ಗಡಬಡಿ. ಈಗ ಯಾರ ಪುಟದಾಗ ಅವರ ಮಾತಷ್ಟೇ ಬರ್ತದ. ನನಗ ಸುಮ್ನ ಕೆಟ್ಟ ಹೆಸರು ಬಂದದ. ನಂದೊಂದೇ ಅಲ್ಲ, ಒಂದೂ ಬಿಡದಂಗ ಎಲ್ಲಾರ ಪುಟ ಓದಿಸ್ರಿ, ಆಮ್ಯಾಲ ಮಾತಾಡ್ರಿ."

"ಆತು, ಸೊಸಿ ದೇವಿಕಾಗ ಓದಾಕ ಹೇಳ್ತೀನಿ," ಅಂದ ಮಾಳಿಂಗಪ್ಪ. ದನಿ ಮೆತ್ತಗಾಗಿತ್ತು.

ಹೊತ್ತು ಇಳಿಯುವಾಗ ನಾರಾಯಣಖೇಡ್ ರಸ್ತೆಯ ಕಡೆ ಧೂಳೆದ್ದಿತು. ಅಂಬರೀಶ ಬದುವಿನ ಮೇಲೆ ಎದೆ ಉಬ್ಬಿಸಿ ನಿಂತ. ಹಿಂಡಿನ ಮುಂದಿದ್ದ ಟಗರು ಅವನ ಹೊಲದ ಮೂಲೆಗೆ ಬಂತು, ಮೂಲೆ ದಾಟಿತು, ಮಾಣಿಕಮ್ಮನ ಹೊಲಕ್ಕೆ ಹೊರಳಿತು. ಇಡೀ ಹಿಂಡು ಅದರ ಹಿಂದೆ ಹೋಯಿತು.

ಮಾಳಿಂಗಪ್ಪ ಬಂದು ಅವನ ಹೆಗಲ ಮೇಲೆ ಕೈ ಇಟ್ಟ. "ತಪ್ಪು ತಿಳ್ಕೊಂಡಿದ್ದೆ ತಮ್ಮಾ, ಮನಸಿನಾಗ ಇಟ್ಕೋಬ್ಯಾಡ. ಈಗ ನಿನ್ನ ವಿಕಿ ಭಾಳ ಚಲೋ ನಡದದ."

"ಮತ್ತ ಹಿಂಡು ಅತ್ಲಾಗ ಯಾಕ ಹೋಯ್ತು?"

"ಮಾಣಿಕಮ್ಮನ ಪುಟದಾಗ ಏನದ ಗೊತ್ತದೇನು? 'ಬಾಯಿ ಭಾಳ ಜೋರು. ಸಾಕು ಅಂದ್ರೂ ಕೇಳಂಗಿಲ್ಲ, ರೊಟ್ಟಿ ಹಾಕ್ತಾಳ, ಮ್ಯಾಲ ತುಪ್ಪ ಹಾಕ್ತಾಳ.' ನೀ ಅಂದಂಗ ಎಲ್ಲಾರ ಪುಟ ಓದಿಸ್ದೆ." ಕೋಲು ಹೆಗಲಿಗೇರಿಸಿ, "ನಿಂದೂ ಓದಿಸ್ದೆ," ಎಂದು ಹಿಂಡಿನ ಹಿಂದೆ ನಡೆದ.

ಊಟಕ್ಕೆ ಕರೆಯುವ ಮಾಣಿಕಮ್ಮನ ದನಿ ಅಂಬರೀಶ ಮನೆ ಮುಟ್ಟುವವರೆಗೂ ಕೇಳುತ್ತಿತ್ತು. ಊರು, ಫಿಲ್ಟರು, ಟಗರು ಎಲ್ಲವನ್ನೂ ಬೈಯುತ್ತ ತಾಟಿನ ಮುಂದೆ ಕೂತ. ಭವಾನಿ ಎರಡು ರೊಟ್ಟಿ ಹಾಕಿದಳು. ಸಿಟ್ಟಿನಲ್ಲಿ ಎರಡೂ ಗಬಗಬ ಹೋದವು.

"ಇನ್ನೊಂದು ಹಾಕು."

"ಎಲ್ಲಿಂದ ತರ‍್ಲಿ? ತಲಿಗಿ ಎರಡೇ ಬಡದೀನಿ. ಕುರಿಗಾರರ ಪಾಲಿಂದು ಚಿಗವ್ವನ ಹೊಲಕ್ಕ ಕೊಟ್ಟು ಬಂದೆ," ಎಂದು ಭವಾನಿ ಬುಟ್ಟಿ ಬೋರಲು ಹಾಕಿದಳು.