ಮಂದಿರಕ್ಕೆ ಬಂದ ಬಿ.ಪಿ. ಯಂತ್ರ

ದೇವರಿರುವ ಜಾಗಕ್ಕೆ ಡಾಕ್ಟರು ಬಂದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಮಾತು ಕಡಿಮೆಯವನು. ಆದರೂ ಇವಿಷ್ಟನ್ನು ಹೇಳಬೇಕು.

ಮಾರ್ಕೆಟ್ ಯಾರ್ಡಿನ ಹಿಂದೆ ನಮ್ಮ ವಿಠ್ಠಲ ಮಂದಿರ. ವಿಜಯಪುರ, ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದ ವ್ಯಾಪಾರಿಗಳು ಕಟ್ಟಿದ್ದು. ನಾನು ಯಾರ್ಡಿನಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದವನು. ಅಂಗಡಿ ಮಗನಿಗೆ ಬಿಟ್ಟೆ. ಈಗ ಮಂದಿರದ ಕೀಲಿ ನನ್ನ ಹತ್ತಿರ. ಶನಿವಾರ ಸಂಜೆ ಭಜನೆ, ಆಮೇಲೆ ಪ್ರಸಾದದ ಊಟ. ತಿಂಗಳಿಗೊಮ್ಮೆ ಭಜನೆಗೆ ಮೊದಲು ಒಬ್ಬ ಡಾಕ್ಟರಮ್ಮ ಬಂದು ಎಲ್ಲರ ಬಿ.ಪಿ., ಸಕ್ಕರೆ ನೋಡುತ್ತಾರೆ. ಮೈಸೂರಿನವರು. ಚಿಕ್ಕ ವಯಸ್ಸು. ಯೆರವಡಾ ಕಡೆಯ ಆಸ್ಪತ್ರೆಯಲ್ಲಿ ಕೆಲಸ. ನಮ್ಮ ಮಂದಿ ಆಸ್ಪತ್ರೆಗೆ ಹೋಗುವುದಿಲ್ಲ, ಮಂದಿರ ತಪ್ಪಿಸುವುದಿಲ್ಲ. ಅದಕ್ಕೇ ಅವರು ಮಂದಿರಕ್ಕೆ ಬಂದರು. ಲೆಕ್ಕ ಸರಿಯಾಗಿಯೇ ಇತ್ತು.

ಕುಂಕುಮ

ಮೊದಲ ದಿನ ಯಂತ್ರವನ್ನು ಮೇಜಿನ ಮೇಲೆ ಇಟ್ಟರು. ಮೇಜು ವಿಠ್ಠಲನ ಎದುರಿಗೇ ಇತ್ತು. ಸಾಲಿನಲ್ಲಿ ಮೊದಲು ನಿಂತಿದ್ದ ಮುದುಕಿ ಯಂತ್ರಕ್ಕೆ ಒಂದು ಹೂವು ಏರಿಸಿ, ಕುಂಕುಮ ಹಚ್ಚಿ, ಕೈಮುಗಿದು, ಆಮೇಲೆ ತೋಳು ಕೊಟ್ಟಳು. ಹಿಂದಿನವರು ಅದನ್ನು ನೋಡಿದರು. ಹಾಗೇ ಮಾಡಬೇಕೆಂದುಕೊಂಡರು. ಅರ್ಧ ಸಾಲು ಮುಗಿಯುವ ಹೊತ್ತಿಗೆ ಯಂತ್ರದ ಮುಖ ಪೂರ್ತಿ ಕೆಂಪು.

"ನಂಬರ್ ಕಾಣಿಸ್ತಿಲ್ಲ. ಯಾರಾದ್ರೂ ಸ್ವಲ್ಪ ಒರೆಸ್ತೀರಾ?" ಎಂದರು ಡಾಕ್ಟರಮ್ಮ.

ಯಾರೂ ಏಳಲಿಲ್ಲ. ಮುದುಕಿ ಹೇಳಿದಳು: "ಹಚ್ಚಿದ ಕುಂಕುಮ ಒರಸಬಾರ್ದವ್ವಾ. ಛಲೋ ಅಲ್ಲ ಅದು."

ಡಾಕ್ಟರಮ್ಮ ತಾವೇ ಬಟ್ಟೆ ತೆಗೆದುಕೊಂಡರು. ಹೆಂಗಸರೆಲ್ಲ ಒಟ್ಟಿಗೆ ನೋಡಿದ ರೀತಿಗೆ ಬಟ್ಟೆ ಕೆಳಗಿಟ್ಟರು. ನಂತರ ನನ್ನ ಕಡೆ ನೋಡಿದರು.

ನಾನು ಹೋಗಿ ಊದಿದೆ. ಊದಬಾರದೆಂದು ಯಾರೂ ಹೇಳಿರಲಿಲ್ಲ.

ತಾಳದವನು

ಎಲ್ಲರೂ ತೋಳು ಕೊಟ್ಟರು. ಒಬ್ಬ ಕೊಡಲಿಲ್ಲ. ಭಜನೆಯಲ್ಲಿ ತಾಳ ಹಿಡಿದು ಮುಂದೆ ಹಾಡುವವನು. ಯಾರ್ಡಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ದೊಡ್ಡ ಆಳು, ದೊಡ್ಡ ದನಿ. ಅವನ ಪಕ್ಕದಲ್ಲಿ ಕೂತೇ ನನಗೆ ವಯಸ್ಸಾಯಿತು.

ಅವನ ಗುರುಭಕ್ತಿ ಎಲ್ಲರಿಗೂ ಗೊತ್ತು. ಊರ ಕಡೆಯ ಮಠದ ಗುರುಗಳು ವರ್ಷಕ್ಕೊಮ್ಮೆ ಬಂದರೆ ಅವನ ಮನೆಯಲ್ಲೇ ಇಳಿಯುತ್ತಾರೆ. ಗುರುಗಳಿಗಿಂತ ಮೇಲೆ ಕೂರಬಾರದು ಎಂಬುದು ಅವನ ನಿಯಮ. ಅಂಗಡಿಯಲ್ಲಿ ಗುರುಗಳ ಫೋಟೊ ಇದ್ದ ಗೋಡೆ ಸೋರಿ, ಫೋಟೊವನ್ನು ಕೆಳಗಿನ ಮೊಳೆಗೆ ಹಾಕಿದಾಗ ಅವನು ಕುರ್ಚಿ ಬಿಟ್ಟು ನೆಲದ ಮೇಲೆ ಚೀಲ ಹಾಸಿಕೊಂಡು ವ್ಯಾಪಾರ ಮಾಡಿದ. ಗುರುಗಳಿಗೆ ಮಂಡಿನೋವು ಬಂದು ಮೆಟ್ಟಿಲು ಹತ್ತಲು ಆಗದೆ ಕೆಳಮನೆಯಲ್ಲಿ ಮಲಗಿದರು. ಅವರ ತಲೆಯ ಮೇಲೆ ಮಲಗುವುದುಂಟೆ? ಮಾಳಿಗೆಯಲ್ಲಿದ್ದ ಇಡೀ ಸಂಸಾರ ಕೆಳಗಿಳಿದು ಸ್ಕೂಟರಿನ ಪಕ್ಕದಲ್ಲಿ ಚಾಪೆ ಹಾಸಿತು.

ಒಂದು ಶನಿವಾರ ಅವನ ಹೆಂಡತಿ ನನ್ನ ಹತ್ತಿರ ಬಂದಳು.

"ಅಣ್ಣಾರ, ಮುಂಜಾನೆ ಎದ್ದ ಕೂಡ್ಲೆ ಗ್ವಾಡಿ ಹಿಡ್ಕೊಂಡು ನಿಂದರ್ತಾರ್ರಿ. ಕಣ್ಣಿಗೆ ಕತ್ತಲಿ ಬರ್ತದಂತ. ದವಾಖಾನಿಗೆ ಹೋಗೂಣು ಅಂದ್ರ ಮೆಣಸಿನಕಾಯಿ ಘಾಟು ಅಂತಾರ. ಇವರ ಅಣ್ಣನೂ ಹಿಂಗ ಅಂತಂತ ತೀರಿಕೊಂಡ್ರು. ನೀವರೆ ಒಂದ್ ಮಾತು ಹೇಳ್ರಿ."

ಹೇಳಿದೆ.

"ತೋರ್ಸು."

"ಏನ?"

"ಬಿ.ಪಿ."

"ಯಾಕ?"

"ತೋರ್ಸು ಅಂದೆನಲ್ಲ."

"ಈ ಕೈ ತಾಳಕ್ಕ ಕೊಟ್ಟೀನಿ. ಪಟ್ಟಿ ಕಟ್ಟಿಸ್ಕೊಳ್ಳಾಕ ಅಲ್ಲ."

ನಮ್ಮಿಬ್ಬರ ನಡುವೆ ಇಷ್ಟು ಮಾತು ಯಾವತ್ತೂ ಆಗಿರಲಿಲ್ಲ. ಹೋಗಿ ಅವನ ಹೆಂಡತಿಗೆ ಹೇಳಿದೆ: "ಭಾಳ ತಿಳಿಸಿ ಹೇಳ್ದೆ. ಕೇಳವಲ್ಲ."

ಏಕಾದಶಿ

ಸಕ್ಕರೆ ನೋಡಲು ಖಾಲಿ ಹೊಟ್ಟೆ ಬೇಕು. ಡಾಕ್ಟರಮ್ಮ ಬೆಳಿಗ್ಗೆ ಕರೆದು ನೋಡಿದರೂ ನಮ್ಮ ಮಂದಿ ಚಹಾ, ಖಾರಿ ಬಿಸ್ಕತ್ತು ಮುಗಿಸಿಯೇ ಬರುತ್ತಿದ್ದರು. ಅವರು ಒಂದು ಉಪಾಯ ಮಾಡಿದರು.

"ಅಂಕಲ್, ಈ ಸಲ ಏಕಾದಶಿ ದಿನ ಬೆಳಿಗ್ಗೆ ಕ್ಯಾಂಪ್ ಇಡೋಣ. ಹೇಗಿದ್ರೂ ಎಲ್ಲರೂ ಉಪವಾಸ ಇರ್ತಾರಲ್ವಾ?"

"ಇರ್ತಾರ," ಎಂದೆ.

ಏಕಾದಶಿ ಬಂತು. ಮಂದಿ ಬಂದರು. ಬೆರಳು ಚುಚ್ಚಿದರು. ಒಬ್ಬೊಬ್ಬರ ಸಕ್ಕರೆಯೂ ಮೊದಲಿಗಿಂತ ಮೇಲೆ. ಡಾಕ್ಟರಮ್ಮ ಯಂತ್ರ ಕೆಟ್ಟಿತೆಂದು ಬೇರೆ ಯಂತ್ರ ತೆಗೆದರು. ಅದರಲ್ಲೂ ಅಷ್ಟೇ.

"ಏನು ತಿಂದಿದ್ರಿ?" ಎಂದು ಒಬ್ಬ ಬೆಲ್ಲದ ವ್ಯಾಪಾರಿಯನ್ನು ಕೇಳಿದರು.

"ಏನಿಲ್ರಿ. ಉಪಾಸ."

"ಏನೂ ಇಲ್ವಾ?"

"ಏನೂ ಇಲ್ಲ. ಒಂದೀಟು ಸಾಬೂದಾಣಿ ಖಿಚಡಿ. ಎರಡು ಬಾಳಿಹಣ್ಣು. ಶೇಂಗಾದ ಲಾಡು ಒಂದು. ಬಟಾಟಿ ಪಲ್ಯ, ಅದೂ ಜೀರಗಿ ಒಗ್ಗರಣಿದು. ಅವು ಊಟ ಅಲ್ಲಲ್ರಿ."

ಸಾಲಿನಲ್ಲಿದ್ದ ಒಬ್ಬ ಮರಾಠಿ ಹಮಾಲ ನಕ್ಕ. "ಏಕಾದಶೀ, ದುಪ್ಪಟ ಖಾಶೀ," ಎಂದ. ಏಕಾದಶಿ ದಿನ ಎರಡು ಪಟ್ಟು ತಿನ್ನುತ್ತಾರೆ ಎಂದು ಡಾಕ್ಟರಮ್ಮನಿಗೆ ಅರ್ಥ ಹೇಳಿದೆ.

"ಅಂಕಲ್, ಇದನ್ನ ನೀವು ಮೊದಲೇ ಹೇಳಬಹುದಿತ್ತು."

"ನೀವು ಕೇಳಲಿಲ್ಲ."

ಡಾಕ್ಟರಮ್ಮ ಎರಡೂ ಯಂತ್ರಗಳನ್ನು ಚೀಲಕ್ಕೆ ಹಾಕಿದರು. ಯಾರೋ ಒಂದು ತಟ್ಟೆ ಖಿಚಡಿ ತಂದು ಅವರ ಮುಂದಿಟ್ಟರು. ಬೆಳಿಗ್ಗೆ ಬೇಗ ಹೊರಟಿದ್ದರಂತೆ, ಚಹಾ ಸಹ ಕುಡಿದಿರಲಿಲ್ಲ. ಅವಸರದಲ್ಲಿ ತಿಂದರು. ಆ ದಿನ ನಿಜವಾಗಿ ಉಪವಾಸ ಇದ್ದವರು ಅವರೊಬ್ಬರೇ.

ಉಪ್ಪು

ಪ್ರಸಾದದ ಅಡುಗೆ ಮಾಡುವವರು ಉಡುಪಿ ಕಡೆಯವರು. ವಾರವೆಲ್ಲ ಹೋಟೆಲಿನಲ್ಲಿ ಕೆಲಸ, ಶನಿವಾರ ಮಂದಿರದಲ್ಲಿ ಸೇವೆ. ಸಾರಿಗೆ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರಮ್ಮ ಅವರಿಗೆ ಹೇಳಿದರು.

"ಕಡಿಮೆ ಮಾಡ್ಲಿಕ್ಕೆ ಅಡ್ಡಿಲ್ಲ. ಆದ್ರೆ ಎಷ್ಟಾಯ್ತು ಅಂತ ಗೊತ್ತಾಗುದು ಹೇಗೆ? ನೈವೇದ್ಯ ಆಗುವ ಮೊದ್ಲು ರುಚಿ ನೋಡ್ಲಿಕ್ಕಿಲ್ಲ."

"ಹಾಗಾದ್ರೆ ಮೊದಲು ರುಚಿ ನೋಡೋದು ಯಾರು?"

"ದೇವರು."

"ಅವರೇನಂತಾರೆ?"

"ಇಷ್ಟರವರೆಗೆ ಏನೂ ಹೇಳ್ಲಿಲ್ಲ."

ಅಂದಾಜಿನ ಮೇಲೆ ಅರ್ಧ ತೆಗೆದರು. ಆ ಶನಿವಾರ ಯಾರೂ ಮಾತಾಡದೆ ಉಂಡು ಎದ್ದರು. ಆಮೇಲಿನ ಶನಿವಾರಗಳಲ್ಲೂ ದೂರಿಲ್ಲ. ಮುಂದಿನ ತಿಂಗಳು ಬಂದ ಡಾಕ್ಟರಮ್ಮನಿಗೆ ಖುಷಿಯಾಯಿತು. "ಎಷ್ಟು ಬೇಗ ಅಡ್ಜಸ್ಟ್ ಆಗ್ಬಿಟ್ರು ನೋಡಿ," ಎಂದು ಪಂಕ್ತಿಯ ನಡುವೆ ನಡೆದರು. ನಡೆದಾಗ ಕಂಡಿತು. ಪ್ರತಿ ಎಲೆಯ ಪಕ್ಕದಲ್ಲಿ, ಶಲ್ಯದ ಕೆಳಗೆ, ಸೆರಗಿನ ಮರೆಯಲ್ಲಿ ಒಂದೊಂದು ಡಬ್ಬಿ. ಉಪ್ಪಿನಕಾಯಿ. ಎಲ್ಲರಿಗಿಂತ ದೊಡ್ಡ ಡಬ್ಬಿ ತಾಳದವನದು.

ಅಡುಗೆಯವರು ಸೌಟು ಹಿಡಿದುಕೊಂಡು ಹೇಳಿದರು: "ನಾನು ತೆಗೆದದ್ದು ಅರ್ಧ ಮುಷ್ಟಿ. ವಾಪಸ್ ಬಂದದ್ದು ಒಂದು ಕೊಡ."

ತಾಳ ನಿಂತಿತು

ಇದರಲ್ಲಿ ನಗೆಯಿಲ್ಲ. ಆದರೆ ಇದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ.

ದೀಪಾವಳಿ ಕಳೆದಿತ್ತು. ಭಜನೆ ಏರುಗತಿಯಲ್ಲಿತ್ತು. ತಾಳ ನಿಂತಿತು. ನಮ್ಮ ಮಂದಿರದಲ್ಲಿ ಹಾಡು ನಿಂತದ್ದುಂಟು, ಕರೆಂಟು ಹೋದದ್ದುಂಟು, ತಾಳ ನಿಂತದ್ದಿಲ್ಲ. ತಿರುಗಿ ನೋಡಿದೆ. ಅವನು ಕಂಬಕ್ಕೆ ಹಣೆ ಒತ್ತಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ಸರಿಹೋದ. "ಏನಿಲ್ಲ, ಸುರು ಮಾಡ್ರಿ," ಎಂದ. ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಎದ್ದು ನಿಂತಿದ್ದಳು. ಭಜನೆ ಮುಗಿಯುವವರೆಗೂ ಕೂರಲಿಲ್ಲ.

ಆ ವಾರವೇ ಗುರುಗಳು ಬಂದರು. ನಾನು ಅವನ ಮನೆಗೆ ಹೋಗಿ ಗುರುಗಳಿಗೆ ನಮಸ್ಕಾರ ಮಾಡಿದೆ. ಅವನು ಹಾಲು ತರಲು ಒಳಗೆ ಹೋಗಿದ್ದ.

"ಇಂವ ಡಾಕ್ಟರಿಗೆ ಕೈ ಕೊಡವಲ್ಲ್ರಿ," ಎಂದೆ.

ಗುರುಗಳೂ ಮಾತು ಕಡಿಮೆಯವರು. "ಹೌದೇನು," ಎಂದರು.

"ಹೌದ್ರಿ."

"ನೋಡೂಣು."

ಗುರುಗಳ ತೋಳು

ಡಾಕ್ಟರಮ್ಮ ಬರುವ ಶನಿವಾರ ಅದು. ಮಂದಿರ ತುಂಬಿತ್ತು. ಗುರುಗಳು ಪೀಠದ ಮೇಲೆ ಕೂತಿದ್ದರು. ಪ್ರವಚನಕ್ಕೆ ಮೊದಲು ತೋಳಿನ ಬಟ್ಟೆ ಸರಿಸಿದರು.

"ಡಾಕ್ಟರವ್ವಾ, ಮೊದಲ ನಂದು ನೋಡು."

ಡಾಕ್ಟರಮ್ಮ ಪಟ್ಟಿ ಕಟ್ಟಿದರು. ಯಂತ್ರ ಗುಂಯ್ ಎಂದಿತು. ಮಂದಿಯೆಲ್ಲ ಕತ್ತು ಚಾಚಿದರು. ಡಾಕ್ಟರಮ್ಮ ಬಗ್ಗಿ ಮೆಲ್ಲಗೆ ಹೇಳಲು ಹೋದರು.

"ಎಲ್ಲಾರಿಗೂ ಕೇಳೂ ಹಂಗ ಹೇಳು. ಮುಚ್ಚಿಡೂದೇನದ ಇದ್ರಾಗ."

"ನೂರಾ ಐವತ್ತು. ಸ್ವಲ್ಪ ಜಾಸ್ತಿ ಇದೆ. ಮಾತ್ರೆ ಬೇಕಾಗುತ್ತೆ."

"ತಗೋತೀನಿ," ಎಂದರು ಗುರುಗಳು. ತಾಳದವನ ಕಡೆ ಬೆರಳು ಮಾಡಿದರು. "ಇನ್ನ ಆ ಪಟ್ಟಿ ಅವನಿಗೆ ಕಟ್ಟು."

ಗುರುಗಳ ತೋಳಿನಿಂದ ಬಂದ ಪಟ್ಟಿ. ಬೇಡ ಎನ್ನುವಂತಿಲ್ಲ. ಅವನು ತಾಳವನ್ನು ಹೆಂಡತಿಯ ಕೈಗೆ ಕೊಟ್ಟು ಮುಂದೆ ಬಂದ. ಡಾಕ್ಟರಮ್ಮ ಕುರ್ಚಿ ತೋರಿಸಿದರು. ಗುರುಗಳ ಮುಂದೆ ಕುರ್ಚಿಯೇ? ನೆಲದ ಮೇಲೆ ಕೂತ. ಡಾಕ್ಟರಮ್ಮನೂ ನೆಲದ ಮೇಲೆ ಕೂತರು. ಅವನು ಪಟ್ಟಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ತೋಳು ಚಾಚಿದ.

ಡಾಕ್ಟರಮ್ಮ ಒಮ್ಮೆ ನೋಡಿದರು. ಸ್ವಲ್ಪ ಬಿಟ್ಟು ಇನ್ನೊಮ್ಮೆ ನೋಡಿದರು. ಮುಖ ಸಣ್ಣದಾಯಿತು.

"ಎಷ್ಟಂತ?" ಎಂದ ಅವನು.

"ನೂರಾ ತೊಂಬತ್ತು ದಾಟಿದೆ. ಇದು ಬಹಳ ಅಪಾಯ ಅಂಕಲ್. ಈಗಲೇ ಆಸ್ಪತ್ರೆಗೆ ಹೋಗಬೇಕು."

ಅಪಾಯ ಎಂಬ ಮಾತು ಅವನಿಗೆ ಕೇಳಿಸಲೇ ಇಲ್ಲ. ಪೀಠದ ಕಡೆ ನೋಡಿದ. ಯಂತ್ರದ ಕಡೆ ನೋಡಿದ.

"ಗುರುಗಳದಕ್ಕಿಂತ ಮ್ಯಾಲ ಅದ?"

"ಹೂಂ, ಮೇಲೆ."

"ಭಾಳ ಮ್ಯಾಲ?"

"ತುಂಬಾ."

ಅಷ್ಟು ದೊಡ್ಡ ಆಳು ಕುಗ್ಗಿಹೋದ. ಎದ್ದು ಕೈಮುಗಿದ. "ತಪ್ಪಾತ್ರಿ ಗುರುಗಳ. ನನಗ ಗೊತ್ತಿರಲಿಲ್ಲ."

ಗುರುಗಳು ಹೇಳಿದರು: "ಇಳಿ ಮತ್ತ."

ಡಾಕ್ಟರಮ್ಮನ ಕಾರಿನಲ್ಲೇ ಹೋದ. ಹೆಂಡತಿ ಜೊತೆಗೆ ಹೋದಳು. ತಾಳ ಅವಳ ಮಡಿಲಲ್ಲಿತ್ತು. ಸದ್ದಾಗದ ಹಾಗೆ ಎರಡನ್ನೂ ಒತ್ತಿ ಹಿಡಿದುಕೊಂಡಿದ್ದಳು. ಆ ಸಂಜೆ ನಾವು ಚಪ್ಪಾಳೆ ತಟ್ಟಿ ಭಜನೆ ಮಾಡಿದೆವು. ಸರಿಬರಲಿಲ್ಲ.

ಕೆಳಗಿನ ಅಂಕಿ

ಆಸ್ಪತ್ರೆಯಿಂದ ಮನೆಗೆ ಬಂದ. ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಆರೋಗ್ಯಕ್ಕಲ್ಲ. ಶಿಷ್ಯನ ಅಂಕಿ ಗುರುಗಳ ಅಂಕಿಗಿಂತ ಮೇಲೆ ಇರಬಾರದು, ಅದಕ್ಕೆ. ಮಠಕ್ಕೆ ಫೋನು ಹಚ್ಚುತ್ತಿದ್ದ. "ಗುರುಗಳದು ಈಗ ಎಷ್ಟರಾಗ ಅದ್ರಿ?"

ಗುರುಗಳು ಸುಮ್ಮನಿರಲಿಲ್ಲ. ಅವರೂ ಮಾತ್ರೆ ತೆಗೆದುಕೊಂಡರು, ಉಪ್ಪು ಬಿಟ್ಟರು, ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಠದ ಅಂಗಳದಲ್ಲಿ ತಿರುಗಾಡಿದರು. ಅವರದು ಇಳಿದಂತೆ ಇವನೂ ಇಳಿಯಬೇಕಾಯಿತು. ಮುಂಜಾನೆ ಯಾರ್ಡಿನಲ್ಲಿ ಚೀಲಗಳ ನಡುವೆ ಕೈ ಬೀಸಿ ನಡೆಯುತ್ತಿದ್ದ. ಹಮಾಲರು ದಾರಿ ಬಿಡುತ್ತಿದ್ದರು.

ಈ ವರ್ಷ ಗುರುಗಳು ಮತ್ತೆ ಬಂದರು. ಅದೇ ಪೀಠ, ಅದೇ ಯಂತ್ರ. ಮೊದಲು ಗುರುಗಳದು ನೋಡಿದರು. ಆಮೇಲೆ ಇವನು ನೆಲದ ಮೇಲೆ ಕೂತು ತೋಳು ಕೊಟ್ಟ.

"ಗುರುಗಳದು ನೂರಾ ಮೂವತ್ತಾರು," ಎಂದರು ಡಾಕ್ಟರಮ್ಮ. "ನಿಮ್ಮದು ನೂರಾ ಮೂವತ್ತೆರಡು."

ಅವನು ಕಣ್ಣು ಮುಚ್ಚಿ ಕೈಮುಗಿದ. ಅವನ ಹೆಂಡತಿ ಕಂಬದ ಹಿಂದೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಡುಗೆಯವರು ಬಂದು ಅವನ ಕೈಗೆ ಒಂದು ಲಾಡು ಕೊಟ್ಟರು.

"ಕೆಳಗಿಂದು ಮಾತ್ರ ಗುರುಗಳಿಗಿಂತ ಎರಡು ಜಾಸ್ತಿ ಇದೆ," ಎಂದರು ಡಾಕ್ಟರಮ್ಮ. "ಪರವಾಗಿಲ್ಲ, ನಾರ್ಮಲ್ಲೇ."

ಲಾಡು ಬಾಯಿಯ ಹತ್ತಿರ ನಿಂತಿತು.

"ಕೆಳಗಿಂದು ಅಂದ್ರ?"

"ಬಿ.ಪಿ.ಯಲ್ಲಿ ಎರಡು ನಂಬರ್ ಇರುತ್ತೆ ಅಂಕಲ್. ಮೇಲಿಂದೊಂದು, ಕೆಳಗಿಂದೊಂದು."

ಅವನು ಗುರುಗಳನ್ನು ನೋಡಿದ. ಗುರುಗಳು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದರು. ಹೊಟ್ಟೆ ಮಾತ್ರ ಅಲುಗಾಡುತ್ತಿತ್ತು.

ನನ್ನ ಕಡೆ ತಿರುಗಿದ. "ವರ್ಷ ಆತು. ಎರಡು ಅದಾವಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಹೇಳಲಿಲ್ಲಲ್ಲ?"

"ನೀ ಕೇಳಲಿಲ್ಲ."

ಲಾಡು ಅಡುಗೆಯವರ ಕೈಗೆ ವಾಪಸ್ ಹೋಯಿತು. ಅವನು ತಾಳದ ಚೀಲದೊಳಗೆ ಕೈ ಹಾಕಿ, ತಳದಿಂದ ಒಂದು ಡಬ್ಬಿ ತೆಗೆದು ಹೆಂಡತಿಗೆ ಕೊಟ್ಟ. "ಯಾರಿಗರೆ ಕೊಟ್ಟುಬಿಡು."

ಅವಳು ಮುಚ್ಚಳ ತೆಗೆದಳು. ಮಾವಿನ ಉಪ್ಪಿನಕಾಯಿ, ಎಣ್ಣೆಯಲ್ಲಿ ಮುಳುಗಿತ್ತು. ಅವನ ಮುಖ ನೋಡಿದಳು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನನ್ನ ಬಿ.ಪಿ. ಮೊದಲಿಂದಲೂ ಕಡಿಮೆ.

ಆಮೇಲೆ ಭಜನೆಯಾಯಿತು. ತಾಳ ಎಲ್ಲೂ ತಪ್ಪಲಿಲ್ಲ. ಉಪ್ಪಿನಕಾಯಿಯೂ ಚೆನ್ನಾಗಿತ್ತು.